ಸೇಫ್ಟಿ ರೇಜರು: ಶುಚಿ, ಜೋಪಾಸನೆ ಮತ್ತು ನಮ್ಮ ಹೊಣೆ



ಆಯುರ್ವೇದವು ಕ್ಷೌರವನ್ನು ಅಲಂಕಾರದ ವಿಷಯವೆಂದು ಮಾತ್ರ ಎಣಿಸಿಲ್ಲ. ದಿನಚರಿಯ ಒಂದು ಅಂಗವೆಂದು ಪರಿಗಣಿಸಿದೆ. ಕೂದಲು, ಗಡ್ಡ, ಉಗುರುಗಳನ್ನು ಪಕ್ಷಕ್ಕೆ ಮೂರು ಬಾರಿ ತೆಗೆಯಬೇಕೆಂದು ಚರಕ ಸಂಹಿತೆಯು ವಿಧಿಸುತ್ತದೆ. ಕ್ಷೌರದಿಂದ ದೇಹಕ್ಕೆ ಲಘುತ್ವವೂ ಮನಸ್ಸಿಗೆ ಹರ್ಷವೂ ಉಂಟಾಗುವುದೆಂದು ಸುಶ್ರುತ ಸಂಹಿತೆಯು ಹೇಳುತ್ತದೆ. ಆದರೆ ಈ ಲಾಭಗಳು ದೊರೆಯಬೇಕಾದರೆ ಕ್ಷೌರದ ಸಾಧನವು ಶುದ್ಧವಾಗಿರಬೇಕು. ಮುಖವನ್ನು ಶುಚಿಗೊಳಿಸುವ ಸಾಧನವೇ ಅಶುಚಿಯಾಗಿದ್ದರೆ ಫಲ ವಿಪರೀತವಾಗುತ್ತದೆ. ಆದುದರಿಂದ ಈ ಸಂಚಿಕೆಯಲ್ಲಿ ಬಹುತೇಕ ಮನೆಗಳಲ್ಲಿರುವ, ಆದರೆ ಯಾರೂ ಅಷ್ಟಾಗಿ ಗಮನಿಸದ ಸೇಫ್ಟಿ ರೇಜರನ್ನು ಕುರಿತು ವಿಚಾರ ಮಾಡೋಣ.

ರೇಜರೂ ಒಂದು ಶಸ್ತ್ರವೇ

ಸುಶ್ರುತರು ಸೂತ್ರಸ್ಥಾನದ 8ನೆಯ ಅಧ್ಯಾಯದಲ್ಲಿ 20 ಬಗೆಯ ಶಸ್ತ್ರಗಳನ್ನು ಹೆಸರಿಸಿ, ಅವುಗಳ 8 ದೋಷಗಳನ್ನೂ ಎಣಿಸಿದ್ದಾರೆ. ಡೊಂಕು, ಮೊಂಡು, ಮುರುಕು, ಒರಟು ಅಲಗು, ಅತಿ ದಪ್ಪ, ಅತಿ ತೆಳು, ಅತಿ ಉದ್ದ, ಅತಿ ಗಿಡ್ಡ ಎಂಬಿವೇ ಆ ದೋಷಗಳು. ಶಸ್ತ್ರವನ್ನು ಮಸೆಯಲು ಉದ್ದಿನ ಬಣ್ಣದ ನುಣುಪಾದ ಕಲ್ಲನ್ನೂ, ಅಲಗನ್ನು ಹದದಲ್ಲಿಡಲು ಬೂರುಗದ ಹಲಗೆಯನ್ನೂ ಬಳಸಬೇಕೆಂದು ಸೂಚಿಸಿದ್ದಾರೆ. ಚೆನ್ನಾಗಿ ಮಸೆದ ಶಸ್ತ್ರವು ರೋಮವನ್ನು ಕತ್ತರಿಸುವಂತಿರಬೇಕೆಂಬುದು ಅವರು ಹೇಳಿದ ಪರೀಕ್ಷೆ. ಶಸ್ತ್ರವನ್ನು ಬಳಸುವವನಿಗೆ ಅದರ ಜೋಪಾಸನೆಯೂ ತಿಳಿದಿರಬೇಕೆಂಬುದು ಇದರ ಸಾರ.

ನಾವಿಂದು ಬಳಸುವ ಸೇಫ್ಟಿ ರೇಜರು ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ ಎಂಬುವವರಿಂದ ಪ್ರಚಾರಕ್ಕೆ ಬಂದುದು. 1903ರಲ್ಲಿ ಮಾರಾಟ ಆರಂಭವಾಗಿ, 1904ರಲ್ಲಿ ಅವರಿಗೆ ಪೇಟೆಂಟು ದೊರೆಯಿತು. ಮಸೆಯುವ ಕತ್ತಿಯ ಬದಲು, ಸುಮಾರು 0.1 ಮಿಲಿಮೀಟರು ದಪ್ಪದ ಬ್ಲೇಡನ್ನು ಕೆಲವು ಸಲ ಬಳಸಿ ತೆಗೆದುಹಾಕುವುದು ಇದರ ವಿಶೇಷ. ಮಸೆಯುವ ಶ್ರಮ ಇದರಿಂದ ತಪ್ಪಿತು. ಆದರೆ ತೊಳೆಯುವ, ಒಣಗಿಸುವ ಮತ್ತು ಹಳೆಯ ಬ್ಲೇಡನ್ನು ಸರಿಯಾಗಿ ವಿಲೇವಾರಿ ಮಾಡುವ ಹೊಣೆ ಬಳಸುವವನ ಮೇಲೆ ಬಂದಿತು.

ನಿತ್ಯದ ಶುಚಿ

ನಮ್ಮಲ್ಲಿ ಅನೇಕರು ಸ್ನಾನಕ್ಕೆ ಮುನ್ನ ಕ್ಷೌರ ಮುಗಿಸಿ, ಸ್ನಾನದ ನಂತರ ಇಷ್ಟಲಿಂಗ ಪೂಜೆಗೆ ಕೂಡುತ್ತಾರೆ. ಆ ಅವಸರದಲ್ಲಿ ರೇಜರು ನೊರೆ ಮೆತ್ತಿಕೊಂಡೇ ಬಚ್ಚಲುಮನೆಯ ಗೂಡಿನಲ್ಲಿ ಉಳಿದುಬಿಡುತ್ತದೆ. ನೊರೆ, ಕೂದಲು, ಚರ್ಮದ ಸತ್ತ ಪೊರೆ ಹಾಗೂ ತೇವ ಸೇರಿದೆಡೆ ಸೂಕ್ಷ್ಮಾಣುಗಳು ವೃದ್ಧಿಯಾಗುತ್ತವೆ. ಗದ್ದದ ಮೇಲೆ ಪದೇ ಪದೇ ಗುಳ್ಳೆಗಳೇಳುತ್ತವೆಂದು ನಮ್ಮಲ್ಲಿಗೆ ಬರುವವರಿಗೆ ನಾವು ಲೇಪವನ್ನು ಹೇಳುವ ಮೊದಲು ಅವರ ರೇಜರಿನ ಸ್ಥಿತಿಯನ್ನು ವಿಚಾರಿಸುವುದುಂಟು.

ಕ್ಷೌರ ಮುಗಿದೊಡನೆ ಹಿಡಿಯನ್ನು ಅರ್ಧ ಸುತ್ತು ಸಡಿಲಿಸಿ, ನಲ್ಲಿಯ ಹರಿಯುವ ನೀರಿನಲ್ಲಿ ಹಿಡಿಯಬೇಕು. ಮೇಲ್ಮುಚ್ಚಳಕ್ಕೂ ಕೆಳತಟ್ಟೆಗೂ ನಡುವೆ ಸಿಕ್ಕಿಕೊಂಡ ಕೂದಲು ಮತ್ತು ನೊರೆ ಇದರಿಂದ ಹೊರಬೀಳುತ್ತವೆ. ಬಳಿಕ ನೀರನ್ನು ಕೊಡವಿ, ಹಿಡಿಯನ್ನು ಮತ್ತೆ ಬಿಗಿಮಾಡಿ, ಬಚ್ಚಲುಮನೆಯ ಹೊರಗೆ ಗಾಳಿಯಾಡುವ ಸ್ಥಳದಲ್ಲಿ, ಮಕ್ಕಳ ಕೈಗೆ ಎಟುಕದಂತೆ ನಿಲ್ಲಿಸಿಡಬೇಕು. ಬ್ಲೇಡಿನ ಅಂಚನ್ನು ಬಟ್ಟೆಯಿಂದ ಒರೆಸಬಾರದು. ಒರೆಸಿದರೆ ಅಲಗು ಕೆಡುತ್ತದೆ, ಬೆರಳೂ ಕೊಯ್ಯುತ್ತದೆ.

ವಾರಕ್ಕೊಮ್ಮೆ ಪೂರ್ಣ ಶುದ್ಧಿ

ವಾರಕ್ಕೊಮ್ಮೆ ರೇಜರನ್ನು ಬಿಚ್ಚಬೇಕು. ಬ್ಲೇಡನ್ನು ಹರಿತವಿಲ್ಲದ ಎರಡು ತುದಿಗಳಲ್ಲಿ ಹಿಡಿದು ತೆಗೆದಿಟ್ಟು, ಉಳಿದ ಭಾಗಗಳನ್ನು ಸಾಬೂನು ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ನೆನೆಸಬೇಕು. ನಂತರ ಹಳೆಯ ಮೃದುವಾದ ಹಲ್ಲುಜ್ಜುವ ಬ್ರಷ್ಷಿನಿಂದ ತಿರುಪಿನ ಸುತ್ತುಗಳನ್ನೂ ತಟ್ಟೆಯ ಸಂದುಗಳನ್ನೂ ಉಜ್ಜಿ ತೊಳೆದು, ಒಣಬಟ್ಟೆಯಿಂದ ಒರೆಸಬೇಕು.

ಕೊಳವೆಬಾವಿಯ ಗಡಸು ನೀರನ್ನು ಬಳಸುವ ಊರುಗಳಲ್ಲಿ ರೇಜರಿನ ಮೇಲೆ ಬಿಳಿಯ ಪೊರೆ ಕಟ್ಟುತ್ತದೆ. ಅದನ್ನು ನೀರು ಬೆರೆಸಿದ ನಿಂಬೆರಸದಲ್ಲಿ ಐದು ನಿಮಿಷ ನೆನೆಸಿ ತೆಗೆಯಬಹುದು. ಹೆಚ್ಚು ಹೊತ್ತು ಬಿಟ್ಟರೆ ಹುಳಿಯು ಲೋಹದ ಲೇಪವನ್ನು ಕೆಡಿಸುತ್ತದೆ. ಹಿತ್ತಾಳೆಯ ಪಾತ್ರೆಯನ್ನು ಬೆಳಗುವಂತೆ ಹುಣಸೆಹಣ್ಣು, ಬೂದಿ, ಮರಳು ಹಾಕಿ ತಿಕ್ಕಬಾರದು. ಮೇಲಿನ ಲೇಪವು ಗೀಚಿಹೋದರೆ ಒಳಗಿನ ಲೋಹವು ಸವೆಯತೊಡಗುತ್ತದೆ. ತಿರುಪು ಬಿಗಿಯಾಗಿದ್ದರೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಸಾಕು. ಕೊಬ್ಬರಿ ಎಣ್ಣೆ ಚಳಿಗೆ ಗಟ್ಟಿಯಾಗಿ ಅಂಟಿಕೊಳ್ಳುವುದರಿಂದ ಇಲ್ಲಿ ಸೂಕ್ತವಲ್ಲ.

ಬ್ಲೇಡನ್ನು ಎಷ್ಟು ದಿನ ಬಳಸಬಹುದೆಂಬುದು ಗಡ್ಡದ ಒರಟುತನವನ್ನು ಅವಲಂಬಿಸಿದೆ. ಸಾಮಾನ್ಯವಾಗಿ ನಾಲ್ಕರಿಂದ ಏಳು ಕ್ಷೌರಗಳ ನಂತರ ಅಲಗು ಮೊಂಡಾಗುತ್ತದೆ. ಕೂದಲು ಕತ್ತರಿಸುವ ಬದಲು ಎಳೆದಂತಾದರೆ ಆ ದಿನವೇ ಬ್ಲೇಡನ್ನು ಬದಲಿಸಬೇಕು. ಮೊಂಡು ಬ್ಲೇಡನ್ನು ಒತ್ತಬೇಕಾಗುತ್ತದೆ, ಒತ್ತಿದರೆ ಗಾಯವಾಗುತ್ತದೆ. ಮಧುಮೇಹಿಗಳೂ, ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಸೇವಿಸುವವರೂ ಈ ವಿಷಯದಲ್ಲಿ ವಿಶೇಷ ಎಚ್ಚರ ವಹಿಸಬೇಕು. ತುಕ್ಕು ತಗಲಿದರೆ ಧನುರ್ವಾಯು ಬರುತ್ತದೆಂಬ ನಂಬಿಕೆಯಿದೆ. ಆ ರೋಗಕ್ಕೆ ಕಾರಣ ತುಕ್ಕಲ್ಲ; ಮಣ್ಣು ಮತ್ತು ಸಗಣಿಯಲ್ಲಿರುವ ಒಂದು ಬಗೆಯ ಸೂಕ್ಷ್ಮಾಣು. ಆದರೂ ತುಕ್ಕುಹಿಡಿದ ಅಲಗು ಚರ್ಮವನ್ನು ಹರಿಯುವುದರಿಂದ ಅದನ್ನು ಬಳಸಕೂಡದು.

ತೊಳೆದರೂ ಹಂಚಿಕೊಳ್ಳಬಾರದು

ಇದು ಈ ಲೇಖನದ ಮುಖ್ಯ ಮಾತು. ತಂದೆಯ ರೇಜರನ್ನು ಮಗನೂ, ಅಣ್ಣನದನ್ನು ತಮ್ಮನೂ ಬಳಸುವುದು ಅನೇಕ ಮನೆಗಳ ರೂಢಿ. ಪ್ರಸಾದ ನಿಲಯಗಳಲ್ಲಿ ಒಂದೇ ಕೋಣೆಯ ವಿದ್ಯಾರ್ಥಿಗಳು ಒಂದೇ ರೇಜರಿನಿಂದ ಕ್ಷೌರ ಮಾಡಿಕೊಳ್ಳುವುದೂ ಉಂಟು. ಪ್ರಸಾದವನ್ನು ಹಂಚಿಕೊಳ್ಳುವುದು ನಮ್ಮ ಧರ್ಮ. ರೇಜರನ್ನು ಹಂಚಿಕೊಳ್ಳುವುದು ಧರ್ಮವಲ್ಲ. ಕಣ್ಣಿಗೆ ಕಾಣದಷ್ಟು ರಕ್ತದಿಂದಲೂ ಹೆಪಟೈಟಿಸ್ ಬಿ ಹರಡಬಲ್ಲದು. ಈ ವೈರಾಣು ದೇಹದ ಹೊರಗೆ ಕನಿಷ್ಠ 7 ದಿನ ಸೋಂಕುಕಾರಿಯಾಗಿ ಉಳಿಯುತ್ತದೆ. ಹೆಪಟೈಟಿಸ್ ಸಿ ಕೂಡ ರಕ್ತದ ಮೂಲಕವೇ ಬರುತ್ತದೆ. ಇವೆರಡೂ ಯಕೃತ್ತಿನಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಇದ್ದು ಅದನ್ನು ಕೆಡಿಸಬಲ್ಲವು.

ಬೇವಿನ ಕಷಾಯದಲ್ಲಿ ಅದ್ದಿದರೆ, ಅರಿಶಿನದ ನೀರಿನಲ್ಲಿ ತೊಳೆದರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಆಯುರ್ವೇದದ ವೈದ್ಯರಾಗಿಯೇ ನಾವು ಸ್ಪಷ್ಟವಾಗಿ ಹೇಳುತ್ತೇವೆ: ಸಾಲದು. ಬೇವು, ಅರಿಶಿನಗಳಿಗೆ ಅವುಗಳದೇ ಗುಣವಿದೆ. ಆದರೆ ರಕ್ತ ತಗಲಿದ ರೇಜರನ್ನು ಮತ್ತೊಬ್ಬರಿಗೆ ನಿರಪಾಯವಾಗಿಸಲು ಅವನ್ನು ನೆಚ್ಚಲಾಗದು. ಬ್ಲೇಡನ್ನು ಮಾತ್ರ ಬದಲಿಸಿದರೂ ಸಾಲದು; ರಕ್ತವು ತಟ್ಟೆಗೂ ತಗಲಿರಬಹುದು. ಗಾಯಕ್ಕೆ ಉಜ್ಜುವ ಪಟಿಕದ ಕಲ್ಲಿಗೂ ಇದೇ ನಿಯಮ. ಒಬ್ಬರಿಗೆ ಒಂದು ರೇಜರು, ಒಂದು ಪಟಿಕ.

ಕ್ಷೌರಿಕ ಬಂಧುಗಳ ಬಳಿ ಹೋಗುವವರು ಕಣ್ಣೆದುರಿಗೇ ಹೊಸ ಬ್ಲೇಡು ಹಾಕುವಂತೆ ವಿನಯದಿಂದ ಕೇಳಬೇಕು. ಇದರಿಂದ ಅವರ ಕಾಯಕಕ್ಕೆ ಅಗೌರವವೇನೂ ಇಲ್ಲ. ಅವರ ಕೈಯೂ ಸುರಕ್ಷಿತವಾಗಿರುತ್ತದೆ. ಹೆಪಟೈಟಿಸ್ ಬಿ ರೋಗಕ್ಕೆ ಲಸಿಕೆಯಿದೆ. ಶಿಶುಗಳಿಗೆ ಸರ್ಕಾರವೇ ಉಚಿತವಾಗಿ ಹಾಕಿಸುತ್ತದೆ. ವಯಸ್ಕರಿಗೆ ಸಾಮಾನ್ಯವಾಗಿ ಆರು ತಿಂಗಳ ಅವಧಿಯಲ್ಲಿ ಮೂರು ಸಲ ಕೊಡಲಾಗುತ್ತದೆ. ಹೆಪಟೈಟಿಸ್ ಸಿ ರೋಗಕ್ಕೆ ಲಸಿಕೆಯಿಲ್ಲ.

ಹಳೆಯ ಬ್ಲೇಡು ಎಲ್ಲಿಗೆ?

ನಾವು ಎಸೆದ ಬ್ಲೇಡು ನಮ್ಮ ಕಣ್ಣಿಗೆ ಮರೆಯಾದರೂ ಮತ್ತೊಬ್ಬರ ಕೈಗೆ ಸಿಗುತ್ತದೆ. ಪಟ್ಟಣಗಳಲ್ಲಿ ಕಸವನ್ನು ಬೇರ್ಪಡಿಸುವ ಪೌರಕಾರ್ಮಿಕರ ಬೆರಳು ಕೊಯ್ಯುತ್ತದೆ. ಹಳ್ಳಿಗಳಲ್ಲಿ ತಿಪ್ಪೆಗೆ ಬಿದ್ದ ಬ್ಲೇಡು ಗೊಬ್ಬರದೊಡನೆ ಹೊಲ ಸೇರಿ, ಬರಿಗಾಲಿನಲ್ಲಿ ದುಡಿಯುವವರನ್ನು ಗಾಯಗೊಳಿಸುತ್ತದೆ. ಮೇವಿನೊಡನೆ ಲೋಹದ ಚೂರನ್ನು ನುಂಗಿದ ದನದ ಹೊಟ್ಟೆಯ ಗೋಡೆಯನ್ನು ಅದು ಚುಚ್ಚಿ, ಪ್ರಾಣಕ್ಕೇ ಎರವಾಗಬಹುದು.

ಪರಿಹಾರ ಅತಿ ಸುಲಭ. ಮುಚ್ಚಳವಿರುವ ಖಾಲಿ ತಗಡಿನ ಡಬ್ಬಿಯೊಂದರ ಮುಚ್ಚಳದಲ್ಲಿ ಬ್ಲೇಡು ತೂರುವಷ್ಟು ಸೀಳು ಮಾಡಿ, ಮೇಲೆ ‘ಹಳೆಯ ಬ್ಲೇಡು’ ಎಂದು ಬರೆದಿಡಬೇಕು. ಬಳಸಿದ ಬ್ಲೇಡುಗಳನ್ನೆಲ್ಲ ಅದರೊಳಗೇ ಹಾಕಬೇಕು. ಅದು ತುಂಬಲು ವರ್ಷಗಳೇ ಬೇಕಾದೀತು. ತುಂಬಿದ ಮೇಲೆ ಸೀಳನ್ನು ಅಂಟುಪಟ್ಟಿಯಿಂದ ಮುಚ್ಚಿ, ಒಳಗೇನಿದೆಯೆಂದು ತಿಳಿಸಿ, ಕಸ ಒಯ್ಯುವವರಿಗೆ ಪ್ರತ್ಯೇಕವಾಗಿ ಒಪ್ಪಿಸಬೇಕು.

ಕಾಯಕವೆಲ್ಲವೂ ಪೂಜ್ಯವೆಂದು ನಂಬಿದ ಪರಂಪರೆ ನಮ್ಮದು. ಹಾಗಿರುವಾಗ ನಮ್ಮ ಮುಖದ ಶುಚಿಗಾಗಿ ಮತ್ತೊಬ್ಬ ಕಾಯಕಜೀವಿಯ ಕೈ ಗಾಯಗೊಂಡರೆ ಅದು ಬಹಿರಂಗ ಶುದ್ಧಿಯೂ ಆಗದು, ಅಂತರಂಗ ಶುದ್ಧಿಯೂ ಆಗದು. ಈ ವಾರವೇ ಪ್ರತಿ ಮನೆಯಲ್ಲೂ ಅಂಥದೊಂದು ಡಬ್ಬಿಯನ್ನು ಇರಿಸಿ, ಕ್ಷೌರ ಮಾಡಿಕೊಳ್ಳುವ ಪ್ರತಿಯೊಬ್ಬರಿಗೂ ಬೇರೆ ರೇಜರು ಒದಗಿಸಬೇಕೆಂದು ನಮ್ಮ ಅರಿಕೆ.