ನಮ್ಮ ರಾಷ್ಟ್ರಧ್ವಜ: ರೂಪ, ಅರ್ಥ ಮತ್ತು ಇತಿಹಾಸ

ಸ್ವತಂತ್ರ ರಾಷ್ಟ್ರವೊಂದರ ಸಾರ್ವಭೌಮತ್ವಕ್ಕೆ ಅದರ ಧ್ವಜವು ಕುರುಹು. ನಮ್ಮ ತ್ರಿವರ್ಣ ಧ್ವಜವನ್ನು ಗುರುತಿಸದ ಭಾರತೀಯರು ವಿರಳ. ಆದರೆ ಅದರ ಕೇಸರಿಯು ಒಂದು ಮತದ್ದು, ಹಸಿರು ಇನ್ನೊಂದು ಮತದ್ದು ಎಂದು ಭಾವಿಸಿರುವವರು ಇಂದಿಗೂ ಉಂಟು. ಈ ಭಾವನೆ ಹೇಗೆ ಹುಟ್ಟಿತು, ನಮ್ಮ ನಾಯಕರು ಅದನ್ನು ಏಕೆ ಕೈಬಿಟ್ಟರು ಎಂಬುದನ್ನು ಧ್ವಜದ ಇತಿಹಾಸವೇ ತಿಳಿಸುತ್ತದೆ.

ಧ್ವಜದ ರೂಪ

ರಾಷ್ಟ್ರಧ್ವಜವು ಆಯತಾಕಾರವಾಗಿದ್ದು, ಅದರ ಉದ್ದ ಮತ್ತು ಅಗಲಗಳ ಪ್ರಮಾಣ 3:2. ಮೇಲೆ ಕೇಸರಿ, ನಡುವೆ ಬಿಳಿ, ಕೆಳಗೆ ಹಸಿರು ಹೀಗೆ ಸಮಾನ ಅಗಲದ ಮೂರು ಪಟ್ಟಿಗಳಿವೆ. ಬಿಳಿಯ ಪಟ್ಟಿಯ ಮಧ್ಯದಲ್ಲಿ ಕಡುನೀಲಿ ಬಣ್ಣದ, 24 ಅರೆಗಳುಳ್ಳ ಅಶೋಕ ಚಕ್ರವಿದೆ. ಇದು ಧ್ವಜದ ಎರಡೂ ಮುಖಗಳಲ್ಲಿ ಕಾಣತಕ್ಕದ್ದು. ಧ್ವಜಕ್ಕೆ ಒಂಬತ್ತು ಅಳತೆಗಳನ್ನು ನಿಗದಿಪಡಿಸಲಾಗಿದೆ. ಅತಿ ದೊಡ್ಡದು 6,300 x 4,200 ಮಿಲಿಮೀಟರ್, ಅತಿ ಚಿಕ್ಕದು 150 x 100 ಮಿಲಿಮೀಟರ್.

ಆರಂಭದ ಪ್ರಯತ್ನಗಳು

1906ರ ಆಗಸ್ಟ್ 7ರಂದು ಕಲ್ಕತ್ತೆಯ ಪಾರ್ಸಿ ಬಗಾನ್‌ನಲ್ಲಿ ತ್ರಿವರ್ಣದ ಧ್ವಜವೊಂದನ್ನು ಹಾರಿಸಲಾಯಿತು. ಮರುವರ್ಷ ಮೇಡಂ ಕಾಮಾ ಅವರು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಭಾರತದ ಪರವಾಗಿ ಧ್ವಜವನ್ನು ಎತ್ತಿಹಿಡಿದರು. 1917ರಲ್ಲಿ ಹೋಮ್‌ರೂಲ್ ಚಳವಳಿಯು ತನ್ನದೇ ಆದ ಧ್ವಜವನ್ನು ಬಳಸಿತು. ಇವುಗಳಲ್ಲಿ ಯಾವುದೂ ಇಡೀ ದೇಶದ ಧ್ವಜವಾಗಿ ನೆಲೆನಿಲ್ಲಲಿಲ್ಲ.

ಬಣ್ಣಗಳ ಅರ್ಥ ಬದಲಾದುದು

1921ರಲ್ಲಿ ಬೆಜವಾಡದಲ್ಲಿ, ಅಂದರೆ ಇಂದಿನ ವಿಜಯವಾಡದಲ್ಲಿ, ಕಾಂಗ್ರೆಸ್ ಸಮಿತಿಯ ಸಭೆ ಸೇರಿದಾಗ ಪಿಂಗಳಿ ವೆಂಕಯ್ಯನವರು ಕೆಂಪು ಮತ್ತು ಹಸಿರು ಬಣ್ಣಗಳ ಧ್ವಜವನ್ನು ಸಿದ್ಧಪಡಿಸಿದರು. ಆ ಬಣ್ಣಗಳು ಹಿಂದೂ ಮತ್ತು ಮುಸ್ಲಿಂ ಸಮುದಾಯಗಳನ್ನು ಸೂಚಿಸುತ್ತಿದ್ದವು. ಉಳಿದ ಸಮುದಾಯಗಳಿಗಾಗಿ ಬಿಳಿಯ ಪಟ್ಟಿಯನ್ನೂ, ದುಡಿಮೆಯ ಸಂಕೇತವಾಗಿ ಚರಕವನ್ನೂ ಸೇರಿಸಬೇಕೆಂದು ಗಾಂಧೀಜಿಯವರು ಸೂಚಿಸಿದರು.

ಸಮುದಾಯಕ್ಕೊಂದು ಬಣ್ಣವೆಂಬ ಈ ಕ್ರಮವು ಹೆಚ್ಚು ಕಾಲ ನಿಲ್ಲಲಿಲ್ಲ. ತಮ್ಮ ಬಣ್ಣಕ್ಕೂ ಸ್ಥಾನವಿರಬೇಕೆಂದು ಸಿಖ್ಖರು ಕೇಳಿದರು. ಹೀಗೆ ಹಂಚುತ್ತ ಹೋದರೆ ಧ್ವಜವು ಐಕ್ಯಕ್ಕೆ ಬದಲಾಗಿ ವಿಭಜನೆಯನ್ನೇ ಸೂಚಿಸುವ ಅಪಾಯವಿತ್ತು. ಇದರ ಪರಿಹಾರಕ್ಕಾಗಿ 1931ರಲ್ಲಿ ಏಳು ಸದಸ್ಯರ ಸಮಿತಿಯೊಂದು ನೇಮಕವಾಯಿತು. ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು ಅದರ ಸದಸ್ಯರಲ್ಲೊಬ್ಬರು. ಪೂರ್ತಿ ಕೇಸರಿ ಬಣ್ಣದ ಧ್ವಜವನ್ನು ಸಮಿತಿಯು ಸೂಚಿಸಿತಾದರೂ ಕಾಂಗ್ರೆಸ್ ಅದನ್ನು ಒಪ್ಪದೆ, ಕೇಸರಿ, ಬಿಳಿ, ಹಸಿರು ಬಣ್ಣಗಳ ಚರಕಾಂಕಿತ ಧ್ವಜವನ್ನು ಅಂಗೀಕರಿಸಿತು. ಈ ಬಣ್ಣಗಳಿಗೆ ಯಾವ ಮತೀಯ ಅರ್ಥವೂ ಇಲ್ಲವೆಂದು ಅದೇ ನಿರ್ಣಯವು ಸ್ಪಷ್ಟಪಡಿಸಿತು. ಕೇಸರಿಯು ಧೈರ್ಯ ಮತ್ತು ತ್ಯಾಗ, ಬಿಳಿಯು ಶಾಂತಿ ಮತ್ತು ಸತ್ಯ, ಹಸಿರು ಶ್ರದ್ಧೆ ಮತ್ತು ಶೌರ್ಯಗಳ ಸಂಕೇತಗಳಾದವು.

ಧ್ವಜಕ್ಕಾಗಿ ಹೋರಾಟ

ಈ ಧ್ವಜವನ್ನು ಹಿಡಿಯುವುದೇ ಅಪರಾಧವೆನಿಸಿದ್ದ ಕಾಲವಿತ್ತು. 1923ರ ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ ದೇಶದ ನಾನಾ ಭಾಗಗಳ ಜನರು ಸೆರೆಮನೆ ಸೇರಿದರು. 1938ರ ಏಪ್ರಿಲ್‌ನಲ್ಲಿ ಮೈಸೂರು ಸಂಸ್ಥಾನದ ಶಿವಪುರದಲ್ಲಿ ನಿಷೇಧವನ್ನು ಮೀರಿ ಧ್ವಜಾರೋಹಣ ನಡೆಯಿತು. ಅದೇ ತಿಂಗಳ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ನೆರೆದಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಹಲವರು ಪ್ರಾಣ ತೆತ್ತರು.

ಚರಕದಿಂದ ಚಕ್ರಕ್ಕೆ

1947ರ ಜುಲೈ 22ರಂದು ಜವಾಹರಲಾಲ್ ನೆಹರೂ ಅವರು ಮಂಡಿಸಿದ ನಿರ್ಣಯವನ್ನು ಅಂಗೀಕರಿಸಿ ಸಂವಿಧಾನ ಸಭೆಯು ಇಂದಿನ ಧ್ವಜವನ್ನು ಸ್ವೀಕರಿಸಿತು. ಚರಕದ ಒಂದು ಬದಿಯಲ್ಲಿ ಚಕ್ರ, ಇನ್ನೊಂದು ಬದಿಯಲ್ಲಿ ಕದಿರು ಇರುವುದರಿಂದ, ಧ್ವಜದ ಹಿಂಬದಿಯಿಂದ ನೋಡಿದಾಗ ಅದು ತಿರುಗುಮುರುಗಾಗಿ ಕಾಣುತ್ತಿತ್ತು. ಆದ್ದರಿಂದ ಚರಕದ ಮುಖ್ಯ ಭಾಗವಾದ ಚಕ್ರವನ್ನಷ್ಟೇ ಉಳಿಸಿಕೊಂಡು, ಅದಕ್ಕೆ ಸಾರನಾಥದ ಅಶೋಕಸ್ತಂಭದ ಚಕ್ರದ ರೂಪವನ್ನು ಕೊಡಲಾಯಿತು. ಈ ಚಕ್ರವು ಚರಕವನ್ನು ಪ್ರತಿನಿಧಿಸುತ್ತದೆಂದು ನಿರ್ಣಯದಲ್ಲಿಯೇ ಹೇಳಿದೆ. ಅಂದು ಸಭೆಯಲ್ಲಿ ಮಾತನಾಡಿದ ಡಾ. ಎಸ್. ರಾಧಾಕೃಷ್ಣನ್ ಅವರು ಕೇಸರಿಯಲ್ಲಿ ನಿಃಸ್ವಾರ್ಥವನ್ನೂ, ಬಿಳಿಯಲ್ಲಿ ಸತ್ಯದ ಬೆಳಕನ್ನೂ, ಹಸಿರಿನಲ್ಲಿ ಮಣ್ಣಿನೊಡನೆ ನಮಗಿರುವ ಸಂಬಂಧವನ್ನೂ, ಚಕ್ರದಲ್ಲಿ ಧರ್ಮ ಮತ್ತು ಚಲನೆಯನ್ನೂ ಕಂಡರು.

ನಾಗರಿಕರ ಹಕ್ಕು ಮತ್ತು ಹೊಣೆ

2002ರ ಜನವರಿ 26ರಂದು ಜಾರಿಗೆ ಬಂದ ಭಾರತದ ಧ್ವಜ ಸಂಹಿತೆಯು ಜನಸಾಮಾನ್ಯರು ವರ್ಷದ ಎಲ್ಲ ದಿನಗಳಲ್ಲಿಯೂ ಧ್ವಜ ಹಾರಿಸಲು ಅವಕಾಶ ನೀಡಿತು. ಗೌರವಪೂರ್ವಕವಾಗಿ ಧ್ವಜ ಹಾರಿಸುವುದು ನಾಗರಿಕರ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟು 2004ರಲ್ಲಿ ತೀರ್ಪಿತ್ತಿತು. 2021ರ ಡಿಸೆಂಬರಿನ ತಿದ್ದುಪಡಿಯಿಂದ ಕೈಮಗ್ಗದ ಖಾದಿಯ ಜೊತೆಗೆ ಯಂತ್ರನಿರ್ಮಿತ ಹಾಗೂ ಪಾಲಿಯೆಸ್ಟರ್ ಧ್ವಜಗಳಿಗೂ ಅನುಮತಿ ದೊರೆಯಿತು. 2022ರ ಜುಲೈ ತಿಂಗಳಿಂದ ಮನೆಗಳ ಮೇಲೆ ಹಗಲಿರುಳೂ ಧ್ವಜ ಹಾರಿಸಬಹುದಾಗಿದೆ. ಖಾದಿ ಧ್ವಜಗಳ ತಯಾರಿಕೆಗೆ ಹುಬ್ಬಳ್ಳಿಯ ಬೆಂಗೇರಿ ಹೆಸರಾಗಿದೆ.

ಹಕ್ಕಿನೊಡನೆ ಹೊಣೆಯೂ ಬರುತ್ತದೆ. ಕೇಸರಿ ಪಟ್ಟಿ ಕೆಳಗಾಗುವಂತೆ ಧ್ವಜವನ್ನು ಹಾರಿಸಬಾರದು. ಹರಿದ ಅಥವಾ ಮಾಸಿದ ಧ್ವಜವನ್ನು ಬಳಸಬಾರದು. ಧ್ವಜವು ನೆಲವನ್ನು ತಾಗಬಾರದು. ಅದರ ಮೇಲೆ ಏನನ್ನೂ ಬರೆಯಬಾರದು. ಹಬ್ಬದ ದಿನ ಮಕ್ಕಳು ಹಿಡಿದ ಕಾಗದದ ಧ್ವಜಗಳನ್ನು ಸಮಾರಂಭದ ನಂತರ ಬೀದಿಯಲ್ಲಿ ಎಸೆಯಬಾರದು. ಜೀರ್ಣವಾದ ಧ್ವಜವನ್ನು ಏಕಾಂತದಲ್ಲಿ, ಮರ್ಯಾದೆಯಿಂದ, ಮೇಲಾಗಿ ಸುಡುವ ಮೂಲಕ, ಪೂರ್ಣವಾಗಿ ವಿಲೇವಾರಿ ಮಾಡಬೇಕು. ಧ್ವಜವನ್ನು ಸಾರ್ವಜನಿಕವಾಗಿ ಅವಮಾನಿಸಿದವರಿಗೆ 1971ರ ಕಾಯಿದೆಯ ಪ್ರಕಾರ ಮೂರು ವರ್ಷಗಳವರೆಗೆ ಸೆರೆವಾಸ, ದಂಡ ಅಥವಾ ಇವೆರಡನ್ನೂ ವಿಧಿಸಬಹುದು.

ಯಾವ ಪ್ರಾಂತದಲ್ಲಿ ನೆಲೆಸಿದ್ದರೂ, ಯಾವ ಭಾಷೆಯನ್ನಾಡುತ್ತಿದ್ದರೂ, ಯಾವ ಮತವನ್ನನುಸರಿಸುತ್ತಿದ್ದರೂ ಈ ಧ್ವಜದ ಮೂರು ಬಣ್ಣಗಳೂ ಪ್ರತಿಯೊಬ್ಬ ಭಾರತೀಯನಿಗೆ ಸೇರಿದವು. 1931ರ ನಿರ್ಣಯದ ಆಶಯವೂ ಇದೇ ಆಗಿದೆ.