ಗಾಳಿಯ ತೇವ, ಬೀಳುವ ಮಳೆ: ಬೆಳೆಗಾರರಿಗೆ ಬೇಕಾದ ಲೆಕ್ಕ

ಹವಾಮಾನ ವರದಿ ನೋಡುವಾಗ ನಮ್ಮ ರೈತರ ಕಣ್ಣು ಮೊದಲು ಹೋಗುವುದು ಮಳೆಯ ಕಡೆಗೆ. ಅದೇ ವರದಿಯಲ್ಲಿ ಆರ್ದ್ರತೆ ಇಷ್ಟು ಶೇಕಡಾ ಎಂಬ ಅಂಕಿಯೂ ಇರುತ್ತದೆ. ಅದನ್ನು ಹೆಚ್ಚಿನವರು ಓದದೆ ಬಿಡುತ್ತಾರೆ. ಅಡಿಕೆಗೆ ಕೊಳೆ, ಭತ್ತ ಮತ್ತು ರಾಗಿಗೆ ಬೆಂಕಿ ರೋಗ, ದ್ರಾಕ್ಷಿಗೆ ಡೌನಿ, ಕಣದಲ್ಲಿರುವ ಶೇಂಗಾಕ್ಕೆ ಬೂಸ್ಟು, ಇವೆಲ್ಲದರ ಮುನ್ಸೂಚನೆ ಆ ಅಂಕಿಯಲ್ಲಿದೆ. ಆದರೆ ಅದನ್ನೊಂದನ್ನೇ ಓದಿದರೆ ಸಾಲದು. ಉಷ್ಣಾಂಶದ ಜೊತೆ ಸೇರಿಸಿ ಓದಿದಾಗ ಮಾತ್ರ ಅದು ಹೊಲದ ಕೆಲಸಕ್ಕೆ ಬರುತ್ತದೆ.

ಯಾವುದರಲ್ಲಿ ಶೇಕಡಾ?

ಗಾಳಿಯಲ್ಲಿ ನೀರು ಕಣ್ಣಿಗೆ ಕಾಣದ ಆವಿಯಾಗಿ ಇರುತ್ತದೆ. ಎಷ್ಟು ಆವಿ ಇರಬಹುದು ಎಂಬುದಕ್ಕೆ ಒಂದು ಮಿತಿಯಿದೆ, ಆ ಮಿತಿ ಉಷ್ಣಾಂಶದ ಜೊತೆ ಏರಿಳಿಯುತ್ತದೆ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 30 ಗ್ರಾಂ ಆವಿ ಇರಬಹುದು. 20 ಡಿಗ್ರಿಯಲ್ಲಿ ಈ ಮಿತಿ ಸುಮಾರು 17 ಗ್ರಾಂಗೆ, 10 ಡಿಗ್ರಿಯಲ್ಲಿ ಸುಮಾರು 9 ಗ್ರಾಂಗೆ ಇಳಿಯುತ್ತದೆ. ಈ ಮಿತಿಯಲ್ಲಿ ಶೇಕಡಾ ಎಷ್ಟು ಪಾಲು ತುಂಬಿದೆ ಎಂಬುದೇ ಸಾಪೇಕ್ಷ ಆರ್ದ್ರತೆ.

ಮಧ್ಯಾಹ್ನ 30 ಡಿಗ್ರಿ ಬಿಸಿಲಿದ್ದು ಗಾಳಿಯಲ್ಲಿ 17 ಗ್ರಾಂ ಆವಿ ಇದ್ದರೆ ಆರ್ದ್ರತೆ ಶೇ. 57ರ ಹತ್ತಿರ. ರಾತ್ರಿ ಅದೇ ಗಾಳಿ 20 ಡಿಗ್ರಿಗೆ ತಣಿದರೆ ಅದೇ 17 ಗ್ರಾಂ ಶೇ. 100 ಆಗುತ್ತದೆ. ಹೊರಗಿನಿಂದ ಒಂದು ಹನಿ ನೀರೂ ಬರಲಿಲ್ಲ, ಗಾಳಿ ತಣಿಯಿತು, ಅಷ್ಟೆ. ಇನ್ನೂ ತಣಿದರೆ ಹೆಚ್ಚಾದ ಆವಿ ನೀರಾಗಲೇಬೇಕು. ಹೀಗೆ ನೀರಾಗಲು ಶುರುವಾಗುವ ಉಷ್ಣಾಂಶಕ್ಕೆ ಇಬ್ಬನಿ ಬಿಂದು ಎನ್ನುತ್ತಾರೆ. ಬೆಳಗಿನ ಜಾವ ಶೇ. 90 ಇದ್ದ ಆರ್ದ್ರತೆ ಮಧ್ಯಾಹ್ನ ಶೇ. 50ಕ್ಕೆ ಇಳಿಯುವುದೂ ಬಹುಮಟ್ಟಿಗೆ ಇದೇ ಕಾರಣಕ್ಕೆ.

ಸಂಜೆಯೇ ಇಬ್ಬನಿ ತಿಳಿಯುವ ಬಗೆ

ಆರ್ದ್ರತೆ ಶೇ. 50ಕ್ಕಿಂತ ಹೆಚ್ಚಿದ್ದಾಗ ಒಂದು ಬಾಯಿಲೆಕ್ಕ ಸಾಕು. ಆರ್ದ್ರತೆ 100ಕ್ಕಿಂತ ಎಷ್ಟು ಕಡಿಮೆ ಇದೆಯೋ ಅದನ್ನು 5ರಿಂದ ಭಾಗಿಸಿ, ಬಂದದ್ದನ್ನು ಉಷ್ಣಾಂಶದಿಂದ ಕಳೆಯಿರಿ. ಸಂಜೆ 28 ಡಿಗ್ರಿ, ಆರ್ದ್ರತೆ ಶೇ. 60 ಇದೆ ಎನ್ನೋಣ. ಕೊರತೆ 40, ಅದನ್ನು 5ರಿಂದ ಭಾಗಿಸಿದರೆ 8. 28ರಲ್ಲಿ 8 ಕಳೆದರೆ 20. ಅಂದರೆ ರಾತ್ರಿ 20 ಡಿಗ್ರಿಯ ಹತ್ತಿರಕ್ಕೆ ಇಳಿದರೆ ಇಬ್ಬನಿ ಬೀಳುವ ಸಂಭವ ಹೆಚ್ಚು. ಒಂದು ಡಿಗ್ರಿ ಅತ್ತಿತ್ತ ಆಗಬಹುದು, ಹೊಲದ ಲೆಕ್ಕಕ್ಕೆ ಅಷ್ಟು ಸಾಕು.

ಜೊತೆಗೆ ಆಕಾಶವನ್ನೂ ನೋಡಬೇಕು. ಮೋಡವಿಲ್ಲದ, ಗಾಳಿಯಾಡದ ರಾತ್ರಿ ನೆಲ ಮತ್ತು ಎಲೆ ತಮ್ಮ ಶಾಖವನ್ನು ಬೇಗ ಕಳೆದುಕೊಳ್ಳುತ್ತವೆ. ಎಲೆ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುವುದರಿಂದ ಮೊದಲ ಹನಿ ಅದರ ಮೇಲೆಯೇ ಕಟ್ಟುತ್ತದೆ. ಮೋಡ ಮುಚ್ಚಿದ ಅಥವಾ ಗಾಳಿ ಬೀಸುವ ರಾತ್ರಿ ಇಬ್ಬನಿ ಕಡಿಮೆ.

ರೋಗಕ್ಕೆ ಬೇಕಾದದ್ದು ಒದ್ದೆ ಎಲೆ

ಹೆಚ್ಚಿನ ಶಿಲೀಂಧ್ರಗಳ ಬೀಜಕ ಮೊಳೆಯಲು ಎಲೆ ಅಥವಾ ಕಾಯಿಯ ಮೇಲೆ ನೀರಿನ ಪೊರೆ ಬೇಕು. ಆದ್ದರಿಂದ ನಾವು ಕೇಳಬೇಕಾದ ಪ್ರಶ್ನೆ, ಎಲೆ ಎಷ್ಟು ಹೊತ್ತು ಒದ್ದೆಯಾಗಿರುತ್ತದೆ ಎಂಬುದು. ಸಂಜೆ ಬಿದ್ದ ಸಣ್ಣ ಮಳೆ, ಅದರ ಮೇಲೆ ರಾತ್ರಿಯ ಇಬ್ಬನಿ, ಬೆಳಿಗ್ಗೆ ಮೋಡ, ಈ ಮೂರೂ ಕೂಡಿದರೆ ಎಲೆ ಹತ್ತು ಗಂಟೆಗೂ ಮಿಕ್ಕಿ ಒಣಗುವುದಿಲ್ಲ. ಭತ್ತದ ಬೆಂಕಿ ರೋಗಕ್ಕೆ ಬೇಕಾದದ್ದು ಅದೇ, ಜೊತೆಗೆ 20 ಡಿಗ್ರಿ ಆಸುಪಾಸಿನ ರಾತ್ರಿ. ಬಿರುಸಾಗಿ ಅರ್ಧ ಗಂಟೆ ಸುರಿದು ಬಿಸಿಲು ಬಿದ್ದರೆ ಅಷ್ಟು ಅಪಾಯವಿಲ್ಲ. ಬೂದಿ ರೋಗ ಮಾತ್ರ ಇದಕ್ಕೆ ಹೊರತು. ಅದಕ್ಕೆ ಎಲೆಯ ಮೇಲೆ ನೀರು ನಿಲ್ಲಬೇಕಿಲ್ಲ, ತೇವದ ಗಾಳಿಯೇ ಸಾಕು.

ಅಡಿಕೆಯ ಕೊಳೆಗೆ ಮಲೆನಾಡಿನ ಜುಲೈ, ಆಗಸ್ಟ್ ಹೇಳಿಮಾಡಿಸಿದ ಕಾಲ. ಮಳೆ, ನಡುವೆ ತುಸು ಬಿಸಿಲು, ಮತ್ತೆ ಮಳೆ ಎಂಬಂಥ ದಿನಗಳಲ್ಲಿ ತೋಟದೊಳಗಿನ ಗೊನೆ ಒಣಗುವುದೇ ಇಲ್ಲ. ಕೊಳೆ ಕಂಡ ಮೇಲೆ ಓಡಾಡುವುದಕ್ಕಿಂತ ಮುಂಗಾರು ಹಿಡಿಯುವ ಮುಂಚೆಯೇ ಶೇ. 1ರ ಬೋರ್ಡೋ ದ್ರಾವಣದ ಮೊದಲ ಸಿಂಪಡಣೆ ಮುಗಿಸಬೇಕು. ಎರಡನೆಯದು 40ರಿಂದ 45 ದಿನ ಬಿಟ್ಟು. ಅಳತೆ: 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ ಕೂಡಿಸಿ. ತಯಾರಾದ ದ್ರಾವಣದಲ್ಲಿ ಉಜ್ಜಿ ಹೊಳಪಾಗಿಸಿದ ಕಬ್ಬಿಣದ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದಿಡಿ. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಕೆಂಪು ಹತ್ತುವುದು ನಿಲ್ಲುವವರೆಗೆ ಸುಣ್ಣದ ತಿಳಿ ಸೇರಿಸಿ.

ಆವಿ ಮಳೆಯಾಗುವುದು

ಮಳೆಯ ಹಿಂದಿರುವುದೂ ಇದೇ ನಿಯಮ, ಗಾಳಿ ತಣಿಯಬೇಕು. ಮೇಲೇರಿದ ಗಾಳಿ ಹಿಗ್ಗಿ, ಪ್ರತಿ ಕಿಲೋಮೀಟರಿಗೆ ಸುಮಾರು 10 ಡಿಗ್ರಿಯಂತೆ ತಣಿಯುತ್ತದೆ. ಇಬ್ಬನಿ ಬಿಂದು ಮುಟ್ಟಿದ ಎತ್ತರದಲ್ಲಿ ಉಪ್ಪು, ಧೂಳು, ಹೊಗೆಯ ಸೂಕ್ಷ್ಮ ಕಣಗಳ ಮೇಲೆ ಆವಿ ಕೂತು ಮೋಡವಾಗುತ್ತದೆ. ಮೋಡದ ಹನಿ ಬಹಳ ಚಿಕ್ಕದು. ಸುಮಾರು ಹತ್ತು ಲಕ್ಷ ಹನಿ ಕೂಡಿದರೆ ಒಂದು ಮಳೆಹನಿ. ಹನಿಗಳು ಡಿಕ್ಕಿ ಹೊಡೆದು ಒಂದಾಗಲು, ಇಲ್ಲವೇ ಮೇಲಿನ ಚಳಿಯಲ್ಲಿ ಮಂಜಿನ ಹರಳಾಗಿ ಬೆಳೆಯಲು ಮೋಡಕ್ಕೆ ದಪ್ಪವೂ ಬೇಕು, ಸಮಯವೂ ಬೇಕು. ತೆಳು ಮೋಡ ಕವಿದರೂ ಮಳೆ ಬಾರದಿರುವುದು ಇದರಿಂದ.

ಅರಬ್ಬಿ ಸಮುದ್ರದ ಗಾಳಿ ಕರಾವಳಿ ತಲುಪುವಾಗ 28 ಡಿಗ್ರಿ, ಆರ್ದ್ರತೆ ಶೇ. 85 ಇದ್ದರೆ ಇಬ್ಬನಿ ಬಿಂದುವಿಗೆ ಉಳಿದದ್ದು ಮೂರೇ ಡಿಗ್ರಿ. ಅದು 400 ಮೀಟರ್ ಏರುವುದರೊಳಗೆ ಮೋಡ ಕಟ್ಟುತ್ತದೆ. ಆಗುಂಬೆ ಇರುವುದು 600 ಮೀಟರಿಗೂ ಮೇಲೆ. ಘಟ್ಟ ಗಾಳಿಯನ್ನು ಬಲವಂತವಾಗಿ ಮೇಲಕ್ಕೆ ತಳ್ಳುವುದರಿಂದ ಅಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ. ಘಟ್ಟ ದಾಟಿ ಇಳಿಯುವ ಗಾಳಿ ಮತ್ತೆ ಬಿಸಿಯಾಗಿ ಅದರ ಆರ್ದ್ರತೆ ಕುಸಿಯುತ್ತದೆ. ಆಗುಂಬೆಯಿಂದ ನೇರ ಗೆರೆಯಲ್ಲಿ 200 ಕಿ.ಮೀ. ಒಳಗಿರುವ ಚಳ್ಳಕೆರೆಯ ಮಳೆ 500 ಮಿ.ಮೀ. ಆಸುಪಾಸು ಮಾತ್ರ. ಬಯಲುಸೀಮೆಯ ಮೇಲೆ ಆಷಾಢದಲ್ಲಿ ಮೋಡ ಓಡುತ್ತಿದ್ದರೂ ನೆಲ ನೆನೆಯದಿರುವುದಕ್ಕೆ ಮುಖ್ಯ ಕಾರಣ ಈ ಮಳೆ ನೆರಳು. ಅಲ್ಲಿನ ಬೆಳೆಗೆ ಆಧಾರ ಭರಣಿ, ಕೃತ್ತಿಕೆಯ ಗುಡುಗು ಮಳೆ ಮತ್ತು ಹಿಂಗಾರು.

ನಿಮ್ಮ ಹೊಲದಲ್ಲೇ ಅಳೆಯಿರಿ

ಒಂದು ಮಿ.ಮೀ. ಮಳೆ ಎಂದರೆ ಚದರ ಮೀಟರಿಗೆ ಒಂದು ಲೀಟರ್, ಎಕರೆಗೆ ಸುಮಾರು 4,000 ಲೀಟರ್. 25 ಮಿ.ಮೀ. ಬಿದ್ದರೆ ಎಕರೆಗೆ ಒಂದು ಲಕ್ಷ ಲೀಟರ್. ಕೃಷಿ ಹೊಂಡ ತೋಡುವ ಮುಂಚೆ ಈ ಲೆಕ್ಕ ತಲೆಯಲ್ಲಿರಲಿ. ಮರಳು ಮಿಶ್ರಿತ ಕೆಂಪು ನೆಲದಲ್ಲಿ 25 ಮಿ.ಮೀ. ಮಳೆಯ ತೇವ ಒಂದು ಅಡಿಯವರೆಗೂ ಇಳಿಯಬಹುದು, ಎರೆಯಲ್ಲಿ ಅದರ ಅರ್ಧದಷ್ಟು. ಬಿತ್ತುವ ಮುಂಚೆ ಗುದ್ದಲಿಯಿಂದ ಒಂದೆರಡು ಕಡೆ ಅಗೆದು ಹಸಿ ಎಲ್ಲಿಯವರೆಗೆ ಇಳಿದಿದೆ ಎಂದು ನೋಡಿಯೇ ಹದ ತೀರ್ಮಾನಿಸಿ.

ಮಳೆ ಅಳೆಯಲು ತಳ ಸಪಾಟಾಗಿರುವ, ಗೋಡೆ ನೇರವಾಗಿರುವ ಡಬ್ಬಿ ಸಾಕು. ಮರ, ಮನೆಗಳಿಂದ ದೂರ, ಬಯಲಿನಲ್ಲಿಡಿ. ದಿನಾ ಬೆಳಿಗ್ಗೆ 8.30ಕ್ಕೆ ನೀರಿನ ಎತ್ತರವನ್ನು ಸ್ಕೇಲಿನಿಂದ ಅಳೆದು ಚೆಲ್ಲಿ. ಹವಾಮಾನ ಇಲಾಖೆಯೂ ಅದೇ ಹೊತ್ತಿಗೆ ಅಳೆಯುತ್ತದೆ, 2.5 ಮಿ.ಮೀ. ಅಥವಾ ಹೆಚ್ಚು ಬಿದ್ದರೆ ಮಾತ್ರ ಮಳೆ ದಿನ ಎಂದು ಎಣಿಸುತ್ತದೆ.

ಆರ್ದ್ರತೆಗೆ ಒಂದೇ ಬಗೆಯ ಎರಡು ಥರ್ಮಾಮೀಟರ್ ತನ್ನಿ. ಒಂದರ ಬುರುಡೆಗೆ ತೆಳು ಬಟ್ಟೆ ಸುತ್ತಿ ನೀರಲ್ಲಿ ನೆನೆಸಿ, ನೆರಳಲ್ಲಿ ತೂಗುಹಾಕಿ ಬೀಸಣಿಗೆ ಬೀಸಿ. ನೀರು ಆರುವಾಗ ಶಾಖ ಹೀರುವುದರಿಂದ ಒದ್ದೆಯದು ಕೆಳಗೆ ತೋರಿಸುತ್ತದೆ. ಒಣಗಿದ್ದು 30 ಇದ್ದಾಗ ಒದ್ದೆಯದು 28 ತೋರಿದರೆ ಆರ್ದ್ರತೆ ಸುಮಾರು ಶೇ. 86. ಒದ್ದೆಯದು 25 ಆದರೆ ಶೇ. 67, 22 ಆದರೆ ಶೇ. 50.

ರೂಢಿಸಿಕೊಳ್ಳಬೇಕಾದ ಕ್ರಮಗಳು

• ತುಂತುರು ನೀರಾವರಿಯನ್ನು ಸಂಜೆ ಬಿಡಬೇಡಿ. ಬೆಳಗಿನ ಹೊತ್ತು ಬಿಟ್ಟರೆ ಇಬ್ಬನಿಯೂ ನೀರೂ ಒಟ್ಟಿಗೆ ಆರುತ್ತವೆ. ತರಕಾರಿಗೆ ಹನಿ ನೀರಾವರಿ ಲೇಸು.

• ಔಷಧಿಯನ್ನು ಇಬ್ಬನಿ ಆರಿದ ಮೇಲೆ, ಮಳೆಗೆ ಮುಂಚೆ ಒಣಗಲು ಸಮಯ ಸಿಗುವಂತೆ ಸಿಂಪಡಿಸಿ.

• ಸಾಲಿನ ಅಂತರ ಕಾಪಾಡಿ. ಕಾಫಿ ತೋಟದಲ್ಲಿ ಮರಗಸಿ (ನೆರಳು ಮರಗಳ ಕೊಂಬೆ ಸವರುವುದು) ಮಳೆಗಾಲಕ್ಕೆ ಮುಂಚೆಯೇ ಮುಗಿಯಲಿ. ಗಾಳಿಯಾಡಿದಷ್ಟೂ ಎಲೆ ಬೇಗ ಒಣಗುತ್ತದೆ.

• ಕಣದ ರಾಶಿಯನ್ನು ಹೊತ್ತು ಮುಳುಗುವ ಮುನ್ನ ಮುಚ್ಚಿ, ಇಬ್ಬನಿ ಆರಿದ ಮೇಲೆ ತೆರೆಯಿರಿ. ಶೇಂಗಾ ಕಾಯಿಯ ತೇವಾಂಶ ಶೇ. 8ಕ್ಕೆ ಇಳಿದ ಮೇಲೆಯೇ ಚೀಲ ತುಂಬಿ.

• 2019ರಲ್ಲಿ ಬಂದ ಮೇಘದೂತ್ ಆ್ಯಪ್‌ನಲ್ಲಿ ಮಂಗಳವಾರ ಮತ್ತು ಶುಕ್ರವಾರ ಬೆಳೆ ಸಲಹೆ ಬರುತ್ತದೆ. ಸಿಡಿಲಿನ ಎಚ್ಚರಿಕೆಗೆ ದಾಮಿನಿ ಆ್ಯಪ್ ಇದೆ.

ಒಂದು ನೋಟ್ ಪುಸ್ತಕದಲ್ಲಿ ದಿನಾ ಮಳೆ, ಸಂಜೆಯ ಉಷ್ಣಾಂಶ, ಆರ್ದ್ರತೆ ಬರೆದಿಡಿ. ರೋಗ ಕಂಡ ದಿನವನ್ನೂ ಅದರಲ್ಲೇ ಗುರುತು ಮಾಡಿ. ಎರಡು ಮೂರು ಹಂಗಾಮು ಕಳೆಯುವಷ್ಟರಲ್ಲಿ ಎಂಥ ಹವೆಯ ನಂತರ ನಿಮ್ಮ ಜಮೀನಿಗೆ ರೋಗ ಬರುತ್ತದೆ ಎಂಬುದು ನಿಮ್ಮ ಬರಹದಿಂದಲೇ ತಿಳಿಯುತ್ತದೆ. ಆಗ ಬೇಡದ ಸಿಂಪಡಣೆಯ ಖರ್ಚು ಉಳಿಯುತ್ತದೆ, ಬೇಕಾದ ಸಿಂಪಡಣೆ ಹೊತ್ತಿಗೆ ಸರಿಯಾಗಿ ಆಗುತ್ತದೆ.