ಗಾಳಕ್ಕಿಂತ ಮೊದಲು ಹೊಳೆಯ ವಿಚಾರಣೆ

ಹೊಸದಾಗಿ ಗಾಳದ ಕೋಲು ಕೊಂಡ ತಮ್ಮನಿಗೆ,

ಡಿಸೆಂಬರ್ ರಜೆಯಲ್ಲಿ ಕಾವೇರಿ ತೀರಕ್ಕೆ ಹೋಗಿ ನಾಲ್ಕು ದಿನ ಮೀನು ಹಿಡಿಯಬೇಕೆಂಬ ಆಸೆ ನಿನ್ನದು. ಕೋಲು, ರೀಲು, ತಂಗೂಸಿ ದಾರ ಎಲ್ಲ ಮನೆಗೆ ಬಂದಾಗಿದೆ. ಹೋಗುವ ಜಾಗ ಯಾವುದು ಎನ್ನುವುದು ಮಾತ್ರ ಇನ್ನೂ ಗೊತ್ತಿಲ್ಲ. ಬೆಂಗಳೂರಿನಿಂದ ಹೊರಡುವ ಹೊಸಬರು ಬಹುಪಾಲು ಹೀಗೆಯೇ: ಸಾಮಾನು ಮೊದಲು, ವಿಚಾರಣೆ ಆಮೇಲೆ.

ಇವರನ್ನು ಮೊದಲು ದಾರಿ ತಪ್ಪಿಸುವುದು ಹಳೆಯ ಫೋಟೊಗಳು. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಯ ಗಾಳದ ಶಿಬಿರಗಳು. ಸೊಂಟದುದ್ದ ನೀರಿನಲ್ಲಿ ನಿಂತ ವಿದೇಶಿಯ ಎರಡೂ ತೋಳು ತುಂಬಿದ ಮಹಶೀರ್. ಫೋಟೊ ಸುಳ್ಳಲ್ಲ, ಕಾಲ ಮಾತ್ರ ಬೇರೆ. ಆ ಶಿಬಿರಗಳಿದ್ದದ್ದು 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿ ಧಾಮದ ಸರಹದ್ದಿನಲ್ಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕಣ್ಣಿನಲ್ಲಿ ಅಲ್ಲಿ ಗಾಳ ಹಾಕುವುದೂ ಬೇಟೆಯೇ. ಹೀಗಾಗಿ 2012ರ ಹೊತ್ತಿಗೆ ಅಲ್ಲಿನ ಗಾಳದಾಟ ನಿಂತುಹೋಯಿತು. ‘ಹಿಡಿದು ಮತ್ತೆ ನೀರಿಗೇ ಬಿಡ್ತೀನಲ್ಲ’ ಎಂಬ ಸಮಜಾಯಿಷಿ ನಡೆಯುವುದಿಲ್ಲ.

ಈ ನಿಷೇಧದ ಬಗ್ಗೆ ಎರಡು ಮಾತಿದೆ. ಒಂದು ಕಾಲದಲ್ಲಿ ಸಿಡಿಮದ್ದು ಹಾಕಿ ಮೀನು ಕೊಲ್ಲುತ್ತಿದ್ದವರಲ್ಲೇ ಕೆಲವರು ಆ ಶಿಬಿರಗಳಲ್ಲಿ ಗೈಡುಗಳಾಗಿ, ಕಾವಲುಗಾರರಾಗಿ ದುಡಿಯುತ್ತಿದ್ದರು. ಶಿಬಿರ ಮುಚ್ಚಿದ ಮೇಲೆ ಮದ್ದಿನ ಸದ್ದು ಮತ್ತೆ ಕೇಳತೊಡಗಿತು ಎಂಬುದು ಸಂರಕ್ಷಕರ ದೂರು. ದೂರಿನಲ್ಲಿ ಹುರುಳಿದೆ. ಆದರೂ ರಜೆಗೆ ಹೊರಟವನು ಕಾನೂನಿನ ತಕರಾರನ್ನು ಹೊಳೆದಂಡೆಯಲ್ಲಿ ಗಾರ್ಡಿನ ಜೊತೆ ಬಗೆಹರಿಸಲಾರ.

ಹಾಗಾದರೆ ಎಲ್ಲಿ? ಅಭಯಾರಣ್ಯದ ಹೊರಗೂ ನದಿ ಬಾರಾಬಿಟ್ಟಿಯಲ್ಲ. ಕೆರೆ, ಜಲಾಶಯ, ನದಿಭಾಗಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಮೀನುಗಾರಿಕೆ ಇಲಾಖೆ ಗುತ್ತಿಗೆಗೋ ಪರವಾನಗಿಗೋ ಕೊಟ್ಟಿರುತ್ತದೆ. ನೀನು ಕುಳಿತ ಬಂಡೆಯ ಮುಂದಿನ ಮಡುವಿನಿಂದಲೇ ಒಂದು ಸಂಸಾರದ ಊಟ ನಡೆಯುತ್ತಿರಬಹುದು. ಇನ್ನು ದೇವರ ಮೀನುಗಳಿರುವ ಜಾಗ: ಶೃಂಗೇರಿಯ ತುಂಗೆ, ರಾಮನಾಥಪುರದ ಕಾವೇರಿ, ಶಿಶಿಲದ ಕಪಿಲೆ. ಅಲ್ಲಿ ಗಾಳ ಬಿಚ್ಚುವುದಿರಲಿ, ಕೋಲನ್ನು ಕಾರಿನಿಂದ ಇಳಿಸಲೂಬೇಡ. 1996ರಲ್ಲಿ ಶಿಶಿಲದ ಹೊಳೆಗೆ ವಿಷ ಹಾಕಿ ಮೀನುಗಳ ರಾಶಿಯನ್ನೇ ಕೊಂದದ್ದನ್ನು ಆ ಊರು ಮರೆತಿಲ್ಲ.

ಜಾಗ ಗೊತ್ತಾದ ಮೇಲೆ ನೀರು. ಪತ್ರಿಕೆಯ ಒಳಪುಟದ ಮೂಲೆಯಲ್ಲಿ ಜಲಾಶಯಗಳ ಮಟ್ಟ, ಒಳಹರಿವು, ಹೊರಹರಿವು ಬರುತ್ತದಲ್ಲ, ರೈತರು ಬಿಟ್ಟರೆ ಯಾರೂ ಓದದ ಆ ಪುಟ್ಟ ಪಟ್ಟಿಯೇ ನಿನ್ನ ಪಂಚಾಂಗ. ಕನ್ನಂಬಾಡಿಯ ಗರಿಷ್ಠ ಮಟ್ಟ 124.80 ಅಡಿ. ಆ ಅಂಕಿಗಿಂತ ನಿನಗೆ ಬೇಕಾದದ್ದು ಹೊರಹರಿವು, ಅದೂ ಒಂದು ದಿನದ್ದಲ್ಲ, ಒಂದು ವಾರದ್ದು. ಅದರ ಲೆಕ್ಕ ಕ್ಯೂಸೆಕ್‌ಗಳಲ್ಲಿ: ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಆಕಾಶ ತಿಳಿಯಾಗಿರುವ ಜನವರಿಯಲ್ಲೂ ಮೇಲೆಲ್ಲೋ ಗೇಟು ತೆರೆದರೆ ಗಂಟೆಗಳ ನಂತರ ಕೆಳಗಿನ ಬಂಡೆ ಮುಳುಗುತ್ತದೆ. ಅಣೆಕಟ್ಟೆಯ ಕೆಳಗೆ ಮೀನು ಹಿಡಿಯುವವರು ನಡುಬಂಡೆಗೆ ಹೋಗುವ ಮುಂಚೆ ದಡದ ಕಲ್ಲೊಂದರ ಮೇಲೆ ನೀರಿನ ಗುರುತು ನೋಡಿಟ್ಟುಕೊಳ್ಳುವುದು ಇದಕ್ಕೇ. ಗುರುತು ಮುಳುಗಿತೋ, ಗಾಳ ಸುತ್ತಿ ದಡಕ್ಕೆ.

ಕೊಡಗಿನ ದುಬಾರೆ, ವಾಲ್ನೂರು ಕಡೆಯ ಲೆಕ್ಕ ಬೇರೆ. ಹಾರಂಗಿ ಹೊಳೆ ಕಾವೇರಿಯನ್ನು ಸೇರುವುದು ಇವುಗಳಿಗಿಂತ ಕೆಳಗೆ, ಕೂಡಿಗೆಯಲ್ಲಿ. ಆದ್ದರಿಂದ ಆ ಭಾಗದ ನೀರು ಹಾರಂಗಿ ಅಣೆಕಟ್ಟೆಯ ಗೇಟಿಗೆ ಕಾಯುವುದಿಲ್ಲ, ಮಲೆಯ ಮಳೆಯ ಮಾತು ಕೇಳುತ್ತದೆ. ಚಂಡಮಾರುತದ ಸುದ್ದಿಯಿದ್ದರೆ ಪ್ರವಾಸ ಮುಂದೂಡು. ಡಿಸೆಂಬರಿನಿಂದ ಅಲ್ಲಿ ಕಾಫಿ ಕೊಯ್ಲು, ಅದರ ಆಸುಪಾಸಿನಲ್ಲೇ ಹುತ್ತರಿ. ಹೋಂಸ್ಟೇ ತುಂಬಿರುತ್ತದೆ, ಜೊತೆಗೆ ಬರುವ ಆಳು ಸಿಗುವುದಿಲ್ಲ. ತೋಟದೊಳಗೆ ಆನೆಯಿರುವ ಸೀಮೆ ಅದು. ಸಂಜೆ ಬೆಳಕಿರುವಾಗಲೇ ಹೊಳೆ ಬಿಟ್ಟು ಏಳಬೇಕು.

ಚಳಿಗಾಲದಲ್ಲಿ ನಸುಕಿಗೇ ಓಡುವ ಆತುರವೂ ಬೇಡ. ಮೀನಿನ ಮೈಬಿಸಿ ನೀರಿನ ಬಿಸಿಯನ್ನೇ ಅನುಸರಿಸುವುದರಿಂದ ಬಿಸಿಲು ಬಿದ್ದ ಮೇಲೆಯೇ ಅದು ಚುರುಕಾಗುವುದು. ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿಯಲ್ಲಿ 120 ಪೌಂಡಿನ, ಅಂದರೆ ಸುಮಾರು 54 ಕಿಲೊದ ಮಹಶೀರ್ ಹಿಡಿದದ್ದು 1946ರ ಮಾರ್ಚ್ 22ರಂದು. ಕಾವೇರಿ ಕಣಿವೆಯಲ್ಲಿ ಹಳಬರು ಫೆಬ್ರುವರಿ, ಮಾರ್ಚ್ ಎಂದರೆ ಕಿವಿ ನೆಟ್ಟಗೆ ಮಾಡುತ್ತಿದ್ದುದು ಸುಮ್ಮನಲ್ಲ. ರಜೆ ಬದಲಿಸಲಾಗುವುದಾದರೆ ಬದಲಿಸು.

ಇಂಗ್ಲೆಂಡಿನ ಮೂವರು ಯುವಕರು 1977ರಲ್ಲಿ ರಸ್ತೆ ಹಿಡಿದೇ ಭಾರತಕ್ಕೆ ಬಂದರು. ದೊಡ್ಡ ಮಹಶೀರ್‌ಗಳ ಕಾಲ ಮುಗಿಯಿತು ಎಂದು ಬಹಳ ಮಂದಿ ನಂಬಿದ್ದ ಸಮಯ ಅದು. ತಿಂಗಳುಗಟ್ಟಲೆ ಹೊಳೆಯಿಂದ ಹೊಳೆಗೆ ಅಲೆದ ಮೇಲೆ ಕಾವೇರಿಯಲ್ಲಿ ಅವರಿಗೆ 92 ಪೌಂಡಿನದು ಸಿಕ್ಕಿತು. ನಿನಗಿರುವುದು ನಾಲ್ಕು ದಿನ. ಅವರ ತಿಂಗಳುಗಳನ್ನು ನೀನು ತುಂಬಿಕೊಳ್ಳಬೇಕಾದದ್ದು ಸ್ಥಳೀಯನೊಬ್ಬನ ತಿಳಿವಳಿಕೆಯಿಂದ. ಹರಿಗೋಲು ನಡೆಸುವವನಿಗೆ ಯಾವ ಮಡುವಿನಲ್ಲಿ ಮೊಸಳೆ, ಎಲ್ಲಿ ಸುಳಿ, ಯಾವ ಬಂಡೆ ಜಾರು ಎಂಬುದೆಲ್ಲ ಬಾಯಿಪಾಠ. ಅವನ ದಿನಗೂಲಿಯಲ್ಲಿ ಚೌಕಾಸಿ ಮಾಡಬೇಡ. ವಿದೇಶದಿಂದ ತರಿಸಿದ ಬಣ್ಣಬಣ್ಣದ ಹುಸಿಮೀನು ಪೆಟ್ಟಿಗೆಯಲ್ಲಿರಲಿ, ಅವನು ರಾಗಿ ಹಿಟ್ಟು ಬೇಯಿಸಿ ನಾದಿದ ಉಂಡೆಯನ್ನೇ ಗಾಳಕ್ಕೆ ಮೆತ್ತು.

ಕೊನೆಯದಾಗಿ, ಹಳೆಯ ಫೋಟೊಗಳ ಆ ಡುಬ್ಬದ ಮಹಶೀರ್. ಎಚ್.ಎಸ್. ಥಾಮಸ್ ಎಂಬ ಅಧಿಕಾರಿ ಭಾರತದ ಗಾಳದಾಟದ ಬಗ್ಗೆ ಮಂಗಳೂರಿನಲ್ಲಿ ಪುಸ್ತಕ ಅಚ್ಚು ಹಾಕಿಸಿದ್ದು 1873ರಲ್ಲಿ. ಗಾಳದವರು ಅಷ್ಟು ಹಿಂದಿನಿಂದ ಬೆನ್ನು ಹತ್ತಿದ್ದರೂ, ಕಾವೇರಿ ಕಣಿವೆಯಲ್ಲಷ್ಟೇ ಇರುವ ಈ ಮೀನು ಟಾರ್ ರೆಮದೇವಿಯೈ ಎಂದು ವಿಜ್ಞಾನಿಗಳು ಖಚಿತಪಡಿಸಿದ್ದು 2018ರಲ್ಲಿ. ಅದೇ ವರ್ಷ ಅದು ತೀವ್ರ ಅಳಿವಿನಂಚಿನ ಪಟ್ಟಿಗೂ ಸೇರಿತು. ಅನುಮತಿ ಪಡೆದ ಜಾಗದಲ್ಲೇ ಅಕಸ್ಮಾತ್ ಕಿತ್ತಳೆ ಈಜುರೆಕ್ಕೆಯ, ಬೆನ್ನುಬ್ಬಿದ ಮೀನು ಸಿಕ್ಕರೆ ನೀರಿನಿಂದ ಮೇಲೆತ್ತದೆ ಕೊಕ್ಕೆ ಬಿಡಿಸು. ಫೋಟೊ ಬೇಡ. ಊಟಕ್ಕೆ ಮೀನು ಬೇಕೆಂದರೆ ಜಿಲೇಬಿ ಮೀನಿದೆ, ಕಾಟ್ಲಾ ಇದೆ.

ನೀನು ಆರಿಸುವ ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಗೂ ಅರಣ್ಯ ವಲಯ ಕಚೇರಿಗೂ ಈ ವಾರವೇ ಹೋಗಿ ಬಾ. ಯಾವ ದಂಡೆಯಲ್ಲಿ, ಯಾವ ದಿನ, ಯಾವ ಮೀನಿಗೆ ಒಪ್ಪಿಗೆ ಎಂಬುದನ್ನು ಬಾಯಿಮಾತಿನಲ್ಲಿ ನಂಬದೆ ಕಾಗದದಲ್ಲೇ ಪಡೆದುಕೊ. ಹೋಂಸ್ಟೇಗೆ ಮುಂಗಡ ಕಟ್ಟುವುದು ಅದು ಕೈಗೆ ಬಂದ ಮೇಲೆ.

ಇಂತಿ,
ನಿನ್ನ ಅಣ್ಣ